ಇಂಗ್ಲಿಷ್ ಸರಾಗವಾಗಿ ಮಾತಾಡೋಕೆ ಕ್ಲಾಸಾ, ಟ್ಯೂಟರಾ, ಆಪಾ, ಕ್ಲಬ್ಬಾ? ಯಾರಿಗೆ ಯಾವುದು ಸರಿಹೋಗತ್ತೆ

ಓದಿದ್ರೆ ಅರ್ಥ ಆಗತ್ತೆ, ಆಫೀಸ್ ಮೇಲ್ ಬರೀತೀನಿ, ಇಂಗ್ಲಿಷ್ ಸಿನಿಮಾ ಸಬ್‌ಟೈಟಲ್ ಇಲ್ದೇನೂ ನೋಡ್ತೀನಿ, ಆದ್ರೆ ಎದುರಿಗೆ ಒಬ್ರು ನಿಂತು ಮಾತಾಡಿಸಿದ್ರೆ ನಾಲಿಗೆ ಏಳಲ್ಲ. ಈ ಮಾತನ್ನ ಕನ್ನಡ ಮೀಡಿಯಂನೋರು ಮಾತ್ರ ಹೇಳಲ್ಲ, ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಮನೇಲಿ, ಹಾಸ್ಟೆಲಲ್ಲಿ, ಬಸ್ಸಲ್ಲಿ ಎಲ್ಲಾ ಕನ್ನಡದಲ್ಲೇ ಕಳೆದೋರೂ ಹೇಳ್ತಾರೆ. ಹಿಂದೇನೇ ಬರೋ ಪ್ರಶ್ನೆ, ಯಾವ ಕ್ಲಾಸ್ ಸೇರ್ಲಿ, ಯಾವ ಆಪ್ ಹಾಕ್ಕೊಳ್ಲಿ, ದುಡ್ಡು ಕೊಟ್ಟು ಟ್ಯೂಟರ್ ಇಟ್ಕೊಂಡ್ರೆ ಬೇಗ ಬರತ್ತಾ ಅಂತ. ಹೊಸದಾಗಿ ಕೆಲ್ಸ ಹುಡುಕ್ತಾ ಬೆಂಗ್ಳೂರಿಗೆ ಬಂದಿರೋ ಹುಡುಗ್ರು ಹುಡುಗೀರು ಇದನ್ನ ಕೇಳಿದಾಗೆಲ್ಲ ಅರ್ಧಂಬರ್ಧ ಉತ್ತರ ಕೊಡೋ ಬದ್ಲು, ಸಿಗೋ ದಾರಿಗಳನ್ನೆಲ್ಲ ಒಂದು ಕಡೆ ಇಟ್ಟು ತೂಗಿ ನೋಡಿದ್ರೆ ಒಳ್ಳೇದು ಅನ್ನಿಸ್ತು, ಅದಕ್ಕೇ ಇದು.

ಎಲ್ಲಾ ದಾರಿನೂ ನಾನು ಎರಡೇ ಪ್ರಶ್ನೆಯಿಂದ ಅಳೀತೀನಿ. ಇದರಿಂದ ವಾರಕ್ಕೆ ಎಷ್ಟು ನಿಮಿಷ ನನ್ನ ಬಾಯಿಂದ ಇಂಗ್ಲಿಷ್ ಹೊರಗೆ ಬರತ್ತೆ? ನಾನು ತಪ್ಪು ಮಾಡಿದಾಗ ಅದನ್ನ ಯಾರು ಹೇಳ್ತಾರೆ, ಯಾವಾಗ ಹೇಳ್ತಾರೆ? ಸರ್ಟಿಫಿಕೇಟು, ಎಸಿ ಕ್ಲಾಸ್‌ರೂಮು, ಮೆಟೀರಿಯಲ್ಲು ಎಲ್ಲಾ ಆಮೇಲಿನ ಮಾತು.

ನಿಮಿಷದ ಲೆಕ್ಕ ಯಾಕೆ ಅಂದ್ರೆ, ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಎಲ್ಲಾ ಪಾಠಾನೂ ಫ್ರೆಂಚಲ್ಲೇ ಹೇಳಿಕೊಡೋ ಶಾಲೆಗಳಿವೆ. ಆ ಮಕ್ಕಳನ್ನ ವರ್ಷಗಟ್ಲೆ ಗಮನಿಸಿದ ಮೆರಿಲ್ ಸ್ವೇನ್ ಅನ್ನೋ ಭಾಷಾ ತಜ್ಞೆ 1985ರಲ್ಲಿ ಬರೆದಿದ್ದು ಇದೇ, ಕೇಳಿ ಅರ್ಥ ಮಾಡ್ಕೊಳೋದ್ರಲ್ಲಿ, ಓದೋದ್ರಲ್ಲಿ ಆ ಮಕ್ಕಳು ಫ್ರೆಂಚ್ ಮನೆಮಾತಿನ ಮಕ್ಕಳ ಹತ್ತಿರ ಹತ್ತಿರ ಬಂದಿದ್ರು, ಮಾತಾಡೋದ್ರಲ್ಲಿ ಬರೆಯೋದ್ರಲ್ಲಿ ಹಿಂದೇನೇ ಉಳಿದಿದ್ರು. ಕ್ಲಾಸಲ್ಲಿ ಅವರಿಗೆ ಮಾತಾಡೋ ಅವಕಾಶ ಕಮ್ಮಿ ಇತ್ತು, ಇನ್ನೂ ಸರಿಯಾಗಿ ಹೇಳು ಅಂತ ಒತ್ತಾಯ ಮಾಡೋರೂ ಕಮ್ಮಿ. ವರ್ಷಗಟ್ಲೆ ಕಿವಿಗೆ ಬಿದ್ದ ಭಾಷೆನೂ ತಂತಾನೇ ನಾಲಿಗೆಗೆ ಇಳಿಯಲ್ಲ. ನಮ್ಮ ಹಣೆಬರಹಾನೂ ಇದೇ ತಾನೆ, ಹತ್ತನ್ನೆರಡು ವರ್ಷ ಇಂಗ್ಲಿಷ್ ಪಿರಿಯಡ್ ಕೇಳಿರ್ತೀವಿ, ಆ ಪಿರಿಯಡ್‌ನಲ್ಲಿ ನಾವು ಎದ್ದು ನಿಂತು ಸ್ವಂತ ವಾಕ್ಯ ಹೇಳಿದ್ದು ಎಷ್ಟು ಸಲ ಇದ್ದೀತು.

ಮೊದ್ಲು ನಿಮ್ಮ ತೊಂದರೆ ಯಾವುದು ಅಂತ ನೋಡ್ಕೊಳಿ

ಫೋನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ, ಬಾಗಿಲು ಹಾಕ್ಕೊಂಡು, ನಿನ್ನೆ ಬೆಳಿಗ್ಗೆಯಿಂದ ರಾತ್ರಿ ತನಕ ಏನೇನು ಮಾಡಿದ್ರಿ ಅಂತ ಎರಡು ನಿಮಿಷ ಇಂಗ್ಲಿಷಲ್ಲಿ ಹೇಳಿ, ಬರ್ಕೊಂಡು ಓದೋ ಹಾಗಿಲ್ಲ. ಆಮೇಲೆ ಕೇಳಿ. ವಾಕ್ಯ ಸರಿಯಿದೆ ಆದ್ರೆ ಎರಡು ಪದದ ಮಧ್ಯೆ ಉದ್ದುದ್ದ ಗ್ಯಾಪು, ಆಆ ಊಂ ಜಾಸ್ತಿ ಅಂದ್ರೆ ನಿಮಗೆ ಗೊತ್ತಿರೋದೇ ಹೊರಗೆ ಬರೋ ಸ್ಪೀಡ್ ಸಾಲ್ದು, ಗ್ರಾಮರ್ ಕ್ಲಾಸಿಂದ ಇದು ಸರಿಹೋಗಲ್ಲ. ಸ್ಪೀಡಾಗೇ ಹೋಗ್ತಿದೆ ಆದ್ರೆ ನಿನ್ನೆ ಕಥೆ ಹೇಳ್ತಾ ಗೋ, ವೆಂಟ್, ಗೋಯಿಂಗ್ ಎಲ್ಲಾ ಕಲಸ್ಕೊಂಡಿದೆ ಅಂದ್ರೆ ತಿದ್ದೋರು ಬೇಕು. ಹೇಳೋಕೆ ಪದಾನೇ ಸಿಗ್ಲಿಲ್ಲ ಅಂದ್ರೆ ಇನ್ನೂ ಓದಬೇಕು, ಕೇಳಬೇಕು. ಒಬ್ರೇ ಇದ್ದಾಗ ಚೆನ್ನಾಗೇ ಬಂತು, ಇದನ್ನೇ ಮ್ಯಾನೇಜರ್ ಮುಂದೆ ಹೇಳು ಅಂದ್ರೆ ಕೈ ತಣ್ಣಗಾಗತ್ತೆ ಅನ್ನೋರಿಗೆ ಇರೋದು ಭಯ ಅಷ್ಟೆ, ಅವರಿಗೆ ಜನರ ಮುಂದೆ ನಿಲ್ಲೋ ಜಾಗ ಬೇಕು, ಇನ್ನೊಂದು ಗ್ರಾಮರ್ ಪುಸ್ತಕ ಅವರಿಗೆ ದಂಡ. ಈ ರೆಕಾರ್ಡಿಂಗ್ ಡಿಲೀಟ್ ಮಾಡ್ಬೇಡಿ, ತಿಂಗಳಾದ್ಮೇಲೆ ಅದೇ ವಿಷಯ ಮತ್ತೆ ಮಾತಾಡಿ ಪಕ್ಕಪಕ್ಕ ಇಟ್ಟು ಕೇಳಿದ್ರೆ ನೀವು ಹಿಡಿದ ದಾರಿ ಕೆಲ್ಸ ಮಾಡ್ತಿದ್ಯಾ ಇಲ್ವಾ ಅಂತ ಯಾರನ್ನೂ ಕೇಳ್ಬೇಕಾಗಿಲ್ಲ.

ಸ್ಪೋಕನ್ ಇಂಗ್ಲಿಷ್ ಕ್ಲಾಸ್

ವಿಜಯನಗರ, ರಾಜಾಜಿನಗರದ ಬೋರ್ಡುಗಳಿಂದ ಹಿಡ್ದು ದಾವಣಗೆರೆ, ಹುಬ್ಳಿ ಬಸ್ ಸ್ಟ್ಯಾಂಡ್ ಅಕ್ಕಪಕ್ಕದ ಮಹಡಿ ಮೇಲಿನ ರೂಮುಗಳ ತನಕ ಎಲ್ಲಾ ಕಡೆ ಇವೆ. ಲೆಕ್ಕ ಹಾಕಿ, ಬ್ಯಾಚಲ್ಲಿ 25 ಜನ, ಒಂದು ಗಂಟೆ ಕ್ಲಾಸು, ಅರ್ಧ ಗಂಟೆ ಸರ್ ಅಥವಾ ಮೇಡಂ ಮಾತಾಡ್ತಾರೆ, ಉಳಿದ 30 ನಿಮಿಷ 25 ಜನಕ್ಕೆ ಹಂಚಿದ್ರೆ ತಲೆಗೆ ಒಂದೂಕಾಲು ನಿಮಿಷನೂ ಬರಲ್ಲ. ಹಿಂದಿನ ಬೆಂಚಲ್ಲಿ ಕೂರೋ ನಾಚಿಕೆ ಸ್ವಭಾವದೋರಿಗೆ ಅದೂ ಇಲ್ಲ. ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಹಿಂದಿನ ಸೀಟಲ್ಲಿ ಕೂತು ಸ್ಟೇರಿಂಗ್ ಹಿಡಿದೋನನ್ನ ನೋಡ್ಕೊಂಡು ಬಂದ ಹಾಗೆ.

ಹಂಗಂತ ಕ್ಲಾಸ್ ಬೇಡ್ವೇ ಬೇಡ ಅಂತಲ್ಲ. ಶುರುವಿನಿಂದ ಕಲಿಬೇಕಾದೋರಿಗೆ, ಹೆಸರು ಊರು ಹೇಳೋಕೂ ತಡವರಿಸೋರಿಗೆ ದಿನಾ ಒಂದು ಹೊತ್ತಿಗೆ ಹೋಗೋ ಶಿಸ್ತು ದೊಡ್ಡದು, ನಮ್ಮಂಗೇ ಕಷ್ಟಪಡೋರು ಇನ್ನೂ ಇಪ್ಪತ್ತು ಜನ ಇದಾರೆ ಅಂತ ಕಣ್ಣಾರೆ ನೋಡೋದ್ರಿಂದಾನೂ ಧೈರ್ಯ ಬರತ್ತೆ. ನನ್ನ ತಕರಾರು 30 ದಿನದಲ್ಲಿ ಫ್ಲೂಯೆಂಟ್ ಅನ್ನೋ ಬೋರ್ಡಿನ ಮೇಲೆ. ಭಾಷೆ ಎಷ್ಟು ಬರತ್ತೆ ಅಂತ ಅಳೆಯೋಕೆ ಯುರೋಪಿನ ಸಿಇಎಫ್‌ಆರ್ ಅಂತ ಒಂದು ಅಳತೆಗೋಲು ಇದೆ, ಎ1ರಿಂದ ಸಿ2 ತನಕ ಆರು ಮೆಟ್ಟಿಲು. ಅದರಲ್ಲಿ ಮೂರನೇ ಮೆಟ್ಟಿಲು ಬಿ1 ಮುಟ್ಟೋಕೆ ಸುಮಾರು 350ರಿಂದ 400 ಗಂಟೆ, ಬಿ2 ಅಂದ್ರೆ ಆಫೀಸ್ ಮೀಟಿಂಗ್‌ನಲ್ಲಿ ಆರಾಮಾಗಿ ವಾದ ಮಾಡೋ ಮಟ್ಟಕ್ಕೆ 500ರಿಂದ 600 ಗಂಟೆ ಟೀಚರ್ ಜೊತೆಗಿನ ಕಲಿಕೆ ಬೇಕಾಗತ್ತೆ ಅಂತ ಕೇಂಬ್ರಿಜ್ ಪರೀಕ್ಷೆ ನಡೆಸೋರ ಅಂದಾಜು. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹತ್ರತ್ರ 200 ಗಂಟೆ. ದಿನಕ್ಕೊಂದು ಗಂಟೆ ಹಂಗೆ 30 ದಿನ ಅಂದ್ರೆ 30 ಗಂಟೆ, ಮಿಕ್ಕಿದ್ದು ಎಲ್ಲಿಂದ ಬರತ್ತೆ ಅಂತ ಆ ಬೋರ್ಡ್ ಹಾಕಿದೋರು ಹೇಳಲ್ಲ.

ಫೀಸ್ ಕಟ್ಟೋ ಮುಂಚೆ ಡೆಮೊ ಕ್ಲಾಸಲ್ಲಿ ಕೂತ್ಕೊಳಿ, ಫೋನಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು ಕಲಿಯೋರು ಮಾತಾಡೋ ಹೊತ್ತನ್ನ ಮಾತ್ರ ಅಳೀರಿ. ಬೋರ್ಡ್ ಮೇಲೆ ಹನ್ನೆರಡು ಟೆನ್ಸಿನ ಟೇಬಲ್ ಬರ್ಕೊಳೋದ್ರಲ್ಲೇ ಗಂಟೆ ಕಳೆದ್ರೆ ಅದು ಬೇರೆ ಕ್ಲಾಸು, ನಿಮಗೆ ಬೇಕಾಗಿರೋದಲ್ಲ. ಇಬ್ಬಿಬ್ರನ್ನ ಜೋಡಿ ಮಾಡಿ ಎಲ್ಲರೂ ಒಟ್ಟಿಗೇ ಮಾತಾಡೋ ಹಾಗೆ ಮಾಡೋ ಟೀಚರ್ ಸಿಕ್ಕಿದ್ರೆ ರೂಮು ಸಂತೆ ತರ ಗಲಾಟೆ ಇರತ್ತೆ, ಪರ್ವಾಗಿಲ್ಲ, ಅಂಥ ಕ್ಲಾಸಿಗೆ ಧಾರಾಳವಾಗಿ ದುಡ್ಡು ಕಟ್ಟಿ.

ಒಬ್ರಿಗೊಬ್ರು ಟ್ಯೂಟರ್

ನಿಮಿಷದ ಲೆಕ್ಕದಲ್ಲಿ ಇದನ್ನ ಮೀರಿಸೋದು ಕಮ್ಮಿ, ಅರ್ಧ ಗಂಟೇಲಿ ಹದಿನೈದಿಪ್ಪತ್ತು ನಿಮಿಷ ನೀವೇ ಮಾತಾಡ್ಬೇಕು, ತಪ್ಪಿಸ್ಕೊಳೋಕೆ ಹಿಂದಿನ ಬೆಂಚಿಲ್ಲ. ಖರ್ಚೂ ಅಷ್ಟೇ ಜಾಸ್ತಿ. ದುಡ್ಡು ಕಡಿಮೆ ಇದ್ರೆ ವಾರಕ್ಕೆ ಒಂದೇ ಸಲ ಇಟ್ಕೊಳಿ, ಉಳಿದ ದಿನ ಬೇರೆ ದಾರೀಲಿ ಮಾತಾಡಿ ಅವತ್ತು ಹೋಗಿ ತಿದ್ದಿಸ್ಕೊಳಿ.

ಇಲ್ಲಿ ಎಲ್ಲರೂ ಕೇಳೋದು, ಇಂಗ್ಲೆಂಡ್ ಅಮೆರಿಕಾದೋರನ್ನ ಹಿಡೀಬೇಕಾ ನಮ್ಮೋರೇ ಸಾಕಾ ಅಂತ. ನನ್ನ ಅಭಿಪ್ರಾಯ, ಮೊದಲ ಕೆಲವು ತಿಂಗಳು ಕನ್ನಡ ಗೊತ್ತಿರೋ ಟ್ಯೂಟರ್ ಸಿಕ್ಕಿದ್ರೆ ಬಿಡ್ಬೇಡಿ. ನಮ್ಮ ತಪ್ಪುಗಳು ಎಲ್ಲಿಂದ ಹುಟ್ಟತ್ತೆ ಅಂತ ಅವರಿಗೆ ಗೊತ್ತಿರತ್ತೆ. ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಬರತ್ತೆ, ಇಂಗ್ಲಿಷಲ್ಲಿ ಕರ್ತೃ ಆದ ತಕ್ಷಣ ಬೇಕು, ಹಂಗಾಗಿ ನಾವು ಇಡೀ ವಾಕ್ಯ ಮನಸ್ಸಲ್ಲೇ ತಿರುಗಿಸಿ ಜೋಡಿಸ್ಕೊಂಡು ಆಮೇಲೆ ಬಾಯಿ ಬಿಡ್ತೀವಿ, ಅಷ್ಟೊತ್ತಿಗೆ ಎದುರಿನೋರು ಮುಂದಿನ ವಿಷಯಕ್ಕೆ ಹೋಗಿರ್ತಾರೆ. ಅವನು ಅಲ್ಲೇ ಇದಾನೆ ಅನ್ನೋದು ಹೀ ಈಸ್ ದೇರ್ ಓನ್ಲಿ ಆಗತ್ತೆ, ನಂಗೆ ಇಬ್ರು ತಂಗೀರು ಇದಾರೆ ಅನ್ನೋದು ಫಾರ್ ಮೀ ಟೂ ಸಿಸ್ಟರ್ಸ್ ಆರ್ ದೇರ್ ಆಗತ್ತೆ. ಇದನ್ನ ಕೇಳಿದ ಕೂಡ್ಲೇ ಹಿಂದಿರೋ ಕನ್ನಡ ವಾಕ್ಯ ಕಾಣಿಸೋ ಟೀಚರ್ರು ಒಂದೇ ಮಾತಲ್ಲಿ ಸರಿ ಮಾಡಿಸ್ತಾರೆ. ಫಾರಿನ್ ಕ್ಲೈಂಟ್ ಜೊತೆ ದಿನಾ ಕಾಲಲ್ಲಿ ಇರೋರಿಗೆ ಆಮೇಲೆ ಆ ದೇಶದ ಟ್ಯೂಟರ್ ಉಪಯೋಗ, ಅವರ ಸ್ಪೀಡಿಗೆ ಕಿವಿ ಹೊಂದ್ಕೊಳತ್ತೆ.

ಟ್ಯೂಟರ್‌ಗೆ ಮೊದಲ ದಿನಾನೇ ಹೇಳ್ಬಿಡಿ, ನಾನು ಮಾತಾಡ್ತಿರುವಾಗ ಮಧ್ಯೆ ನಿಲ್ಲಿಸ್ಬೇಡಿ, ಬರ್ಕೊಂಡಿದ್ದು ಕೊನೇಲಿ ಐದೇ ತಪ್ಪು ಹೇಳಿ, ಮುಂದಿನ ಸಲ ಅದೇ ಐದನ್ನ ಮತ್ತೆ ಪರೀಕ್ಷೆ ಮಾಡಿ ಅಂತ. ಪ್ರತಿ ಪದಕ್ಕೂ ತಡೆದು ತಿದ್ದೋರ ಹತ್ರ ಇರೋ ಧೈರ್ಯನೂ ಹೋಗತ್ತೆ. ಸುಮ್ನೆ ಹರಟೆ ಹೊಡೆದು ವೆರಿ ಗುಡ್ ವೆರಿ ಗುಡ್ ಅಂತ ಮುಗಿಸೋರೂ ಇದಾರೆ, ಅಂಥೋರಿಗೆ ಕೊಡೋ ದುಡ್ಡು ಹರಟೆಗೆ ಕೊಟ್ಟ ದುಡ್ಡು.

ಆಕ್ಸೆಂಟ್ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಕಾಲ್ ಸೆಂಟರ್ ಇಂಟರ್‌ವ್ಯೂಗಳಲ್ಲಿ ಎಂಟಿಐ, ಅಂದ್ರೆ ಇಂಗ್ಲಿಷ್ ಮೇಲೆ ಮಾತೃಭಾಷೆಯ ಛಾಯೆ, ಇದೆ ಅಂತ ರಿಜೆಕ್ಟ್ ಆದ ಮಕ್ಕಳು ಅಮೆರಿಕಾ ಧಾಟಿ ಕಲಿಯೋಕೆ ಹೊರಡ್ತಾರೆ, ಬೇಡ. ನಮ್ಮ ಧಾಟಿ ಇದ್ರೂ ಮಾತು ಪೂರ್ತಿ ಅರ್ಥ ಆಗೋ ಹಾಗೆ ಇರ್ಬೋದು, ಅವೆರಡೂ ಬೇರೆಬೇರೆ. ಅರ್ಥ ಕೆಡಿಸೋ ಕೆಲವನ್ನ ಮಾತ್ರ ಹಿಡ್ಕೊಳಿ. ಎಗ್ ಅನ್ನೋದನ್ನ ಯೆಗ್ಗು ಅನ್ನೋದು, ಪದದ ಕೊನೆಗೆ ಉಕಾರ ಸೇರ್ಸೋದು, ಝೀರೋದ ಝಕಾರವನ್ನ ಜಕಾರ ಮಾಡೋದು, ಆಮೇಲೆ ಒತ್ತು ಬೀಳೋ ಜಾಗ, ಹೋಟೆಲ್ ಅಂದಾಗ ಒತ್ತು ಕೊನೆ ಭಾಗಕ್ಕೆ ಬೀಳ್ಬೇಕು, ಡೆವಲಪ್ ಅಂದಾಗ ಮಧ್ಯಕ್ಕೆ, ನಾವು ಎರಡಕ್ಕೂ ಮೊದಲಿಗೇ ಕೊಡ್ತೀವಿ. ಇಷ್ಟು ಸರಿಮಾಡ್ಕೊಂಡ್ರೆ ಬಹಳಷ್ಟು ಕಡೆ ಸಾಕು.

ಆಪ್‌ಗಳು, ಎಐ ಜೊತೆ ಮಾತು

ಡ್ಯುಯೊಲಿಂಗೊ ತರದ ಆಪ್‌ಗಳ ಬಗ್ಗೆ ಹೆಚ್ಚು ಹೇಳೋದಿಲ್ಲ, ಪದ ಕಲಿಯೋಕೆ, ಕೇಳೋ ಅಭ್ಯಾಸಕ್ಕೆ ಚೆನ್ನಾಗಿವೆ, ಆದ್ರೆ ಸ್ಕ್ರೀನ್ ಮೇಲಿನ ಪದಗಳನ್ನ ಬೆರಳಲ್ಲಿ ಒತ್ತಿ ಜೋಡಿಸೋದು ಮಾತಾಡೋದಲ್ಲ. ಒಂದು ದಿನಾನೂ ಬಿಡದೆ ನೂರು ದಿನ ಆಪ್ ಮಾಡಿದೋರೂ ಹೋಟೆಲ್ ರಿಸೆಪ್ಷನ್‌ನಲ್ಲಿ ರೂಮು ಕೇಳೋಕೆ ತಡವರಿಸ್ಬೋದು.

ಫೋನಿನ ಎಐ ಜೊತೆ ಧ್ವನಿಯಲ್ಲೇ ಮಾತಾಡೋದು ಬೇರೆ ಕಥೆ, ಚಾಟ್‌ಜಿಪಿಟಿ, ಜೆಮಿನಿ ಎರಡರಲ್ಲೂ ಇದೆ. ನಾಚಿಕೆ ಜಾಸ್ತಿ ಇರೋರಿಗೆ ನಾನು ಮೊದ್ಲು ಹೇಳೋದೇ ಇದನ್ನ, ಯಾಕಂದ್ರೆ ಅಲ್ಲಿ ನಗೋರಿಲ್ಲ, ಒಂದೇ ವಾಕ್ಯ ಹತ್ತು ಸಲ ಹೇಳಿದ್ರೂ ಬೇಜಾರು ಮಾಡ್ಕೊಳೋರಿಲ್ಲ, ರಾತ್ರಿ ಹನ್ನೊಂದು ಗಂಟೆಗೂ ಸಿಗತ್ತೆ. ಆದ್ರೆ ಸುಮ್ನೆ ಹಲೋ ಅಂದ್ರೆ ಅದೇ ಉದ್ದುದ್ದ ಮಾತಾಡ್ಬಿಡತ್ತೆ, ನೀವು ಎಸ್ ಎಸ್ ಅಂತ ಕೂತ್ಕೊಳ್ತೀರ. ಶುರು ಮಾಡೋವಾಗಲೇ ಕನ್ನಡದಲ್ಲೇ ಬೇಕಾದ್ರೂ ಹೇಳಿ, ನೀನು ಇಂಟರ್‌ವ್ಯೂ ಮಾಡೋ ಎಚ್‌ಆರ್, ಒಂದ್ಸಲಕ್ಕೆ ಒಂದೇ ಚಿಕ್ಕ ಪ್ರಶ್ನೆ ಕೇಳು, ನಾನು ಮಾತಾಡ್ತಿದ್ರೆ ತಡೀಬೇಡ, ಹತ್ತು ನಿಮಿಷ ಆದ್ಮೇಲೆ ನನ್ನ ತಪ್ಪು ವಾಕ್ಯಗಳನ್ನ ನಾನು ಹೇಳಿದ ಹಾಗೇ ಒಂದು, ಸರಿಮಾಡಿದ್ದು ಒಂದು ಕೊಡು ಅಂತ. ಹಂಗೆ ಮಾಡಿದ್ರೆ ನಿಮಿಷಾನೂ ಸಿಗತ್ತೆ ತಿದ್ದುಪಡಿನೂ ಸಿಗತ್ತೆ. ಕೊರತೆ ಒಂದೇ, ಅದು ನಿಮ್ಮ ಅರೆಬರೆ ವಾಕ್ಯನೂ ಸಹನೆಯಿಂದ ಅರ್ಥ ಮಾಡ್ಕೊಳತ್ತೆ, ಮುಖ ಸಿಂಡರಿಸಲ್ಲ. ಜನ ಹಂಗಿರಲ್ಲ. ಅದಕ್ಕೇ ಇದರಲ್ಲಿ ಸ್ಪೀಡ್ ಬರತ್ತೆ, ಜನರ ಭಯ ಪೂರ್ತಿ ಹೋಗಲ್ಲ.

ಟೋಸ್ಟ್‌ಮಾಸ್ಟರ್ಸ್ ತರದ ಕ್ಲಬ್

ಟೋಸ್ಟ್‌ಮಾಸ್ಟರ್ಸ್ ಅಂದ್ರೆ ಜನರ ಮುಂದೆ ಮಾತಾಡೋ ಅಭ್ಯಾಸ ಮಾಡೋಕೆ ಅಂತಲೇ ಸೇರೋ ಕ್ಲಬ್. ಭಯ ಇರೋರಿಗೆ ಇದಕ್ಕಿಂತ ಒಳ್ಳೆ ಜಾಗ ನಂಗೆ ಗೊತ್ತಿಲ್ಲ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನೋರು ಶುರು ಮಾಡಿದ್ದು, ಈಗ ಬೆಂಗ್ಳೂರಲ್ಲಿ ಎಷ್ಟೋ ಕಂಪನಿಗಳ ಒಳಗೂ ಹೊರಗೂ ಕ್ಲಬ್‌ಗಳಿವೆ, ಮೈಸೂರು ಮಂಗಳೂರಲ್ಲೂ ಇವೆ. ತಯಾರಿ ಮಾಡ್ಕೊಂಡು ಬಂದೋರು ಸಾಮಾನ್ಯವಾಗಿ ಐದರಿಂದ ಏಳು ನಿಮಿಷ ಭಾಷಣ ಮಾಡ್ತಾರೆ, ಹಸಿರು, ಹಳದಿ, ಕೆಂಪು ಕಾರ್ಡು ಇಲ್ಲಾ ಲೈಟು ತೋರಿಸಿ ಟೈಮ್ ಹೇಳೋಕೆ ಒಬ್ರು, ನೀವು ಎಷ್ಟು ಸಲ ಆ, ಊಂ, ಸೋ, ಯು ನೋ ಅಂದ್ರಿ ಅಂತ ಎಣಿಸೋಕೆ ಒಬ್ರು, ಭಾಷೆ ಗಮನಿಸೋಕೆ ಒಬ್ರು, ಆಮೇಲೆ ನಿಮ್ಮ ಭಾಷಣದ ಬಗ್ಗೆಯೇ ಎರಡು ಮೂರು ನಿಮಿಷ ಮಾತಾಡಿ ಎಲ್ಲಿ ಚೆನ್ನಾಗಿತ್ತು ಎಲ್ಲಿ ಸರಿಮಾಡ್ಕೋಬೇಕು ಅಂತ ಹೇಳೋಕೆ ಒಬ್ರು. ಟೇಬಲ್ ಟಾಪಿಕ್ಸ್ ಅಂತ ಇರತ್ತೆ, ಅದು ನಮಗೆ ನಿಜವಾದ ಔಷಧಿ. ವಿಷಯ ಅಲ್ಲೇ ಕೊಡ್ತಾರೆ, ಎದ್ದು ನಿಂತು ಒಂದೆರಡು ನಿಮಿಷ ಮಾತಾಡ್ಬೇಕು. ಮೊದಲ ಸಲ ಇಪ್ಪತ್ತು ಸೆಕೆಂಡಿಗೇ ಮಾತು ಮುಗಿದು ನಿಂತುಹೋದ್ರೂ ಎಲ್ಲರೂ ಚಪ್ಪಾಳೆ ಹೊಡೀತಾರೆ, ಆ ಚಪ್ಪಾಳೆಯಿಂದ ಮುಂದಿನ ವಾರ ಮತ್ತೆ ಎದ್ದು ನಿಲ್ಲೋ ಮನಸ್ಸಾಗತ್ತೆ.

ನಿಮಿಷ ಕಮ್ಮಿ ಅನ್ನೋದು ನಿಜ, ಒಂದು ಮೀಟಿಂಗ್‌ನಲ್ಲಿ ನಿಮ್ಮ ಪಾಲಿಗೆ ಎರಡರಿಂದ ಏಳು ನಿಮಿಷ, ಕೆಲವು ವಾರ ಅದೂ ಇಲ್ಲ. ಆದ್ರೆ ಇಪ್ಪತ್ತು ಜೊತೆ ಕಣ್ಣು ನಿಮ್ಮನ್ನ ನೋಡ್ತಿರೋ ಎರಡು ನಿಮಿಷ, ರೂಮಲ್ಲಿ ಒಬ್ರೇ ಮಾತಾಡೋ ಎರಡು ನಿಮಿಷ, ಇವೆರಡೂ ಒಂದೇ ಅಲ್ಲ. ಗೆಸ್ಟ್ ಆಗಿ ಹೋಗಿ ಸುಮ್ನೆ ಕೂತು ನೋಡ್ಬೋದು, ಎರಡು ಮೂರು ಕ್ಲಬ್ ನೋಡಿ ಆರಿಸ್ಕೊಳಿ, ಯಾಕಂದ್ರೆ ಕೆಲವು ಕಡೆ ಎಲ್ಲರೂ ಆಗಲೇ ಪಳಗಿದ ಭಾಷಣಕಾರರು, ಹೊಸಬರು ಮುದುಡ್ಕೊಳ್ತಾರೆ. ಶುರುವಿನಿಂದ ಕಲಿಯೋರಿಗೆ ಇದು ಬೇಡ, ಪುಟ್ಟಪುಟ್ಟ ವಾಕ್ಯ ಆದ್ರೂ ಸ್ವಂತಕ್ಕೆ ಮಾಡೋಕೆ ಬಂದ್ಮೇಲೆ ಹೋಗಿ.

ಜೊತೆಗಾರ ಮತ್ತು 4-3-2

ಖರ್ಚಿಲ್ಲದೆ ಅತಿ ಹೆಚ್ಚು ನಿಮಿಷ ಸಿಗೋದು ಇಲ್ಲಿ, ನನ್ನ ಮೊದಲ ವೋಟು ಇದಕ್ಕೇ. ಪಿಜಿ ರೂಂಮೇಟು, ಅಕ್ಕ, ಕಾಲೇಜು ಗೆಳತಿ, ಯಾರಾದ್ರೂ ಒಬ್ರು, ನಿಮ್ಮಷ್ಟೇ ಬರೋರಾದ್ರೂ ಸಾಕು. ಆದ್ರೆ ಬಾ ಇಂಗ್ಲಿಷಲ್ಲಿ ಮಾತಾಡೋಣ ಅಂತ ಕೂತ್ರೆ ಐದು ನಿಮಿಷದಲ್ಲಿ ಕನ್ನಡಕ್ಕೆ ಜಾರತ್ತೆ, ಎರಡನೇ ದಿನಕ್ಕೆ ಮಾತಾಡೋಕೆ ವಿಷಯಾನೇ ಇರಲ್ಲ. ಅದಕ್ಕೆ ಒಂದು ಕಟ್ಟು ಬೇಕು. ನ್ಯೂಜಿಲೆಂಡಿನ ಭಾಷಾ ತಜ್ಞ ಪಾಲ್ ನೇಷನ್ 1989ರಲ್ಲಿ 4-3-2 ಅನ್ನೋ ಅಭ್ಯಾಸದ ಬಗ್ಗೆ ಬರೆದಿದ್ರು, ಅದಕ್ಕೂ ಮುಂಚೆ ಕೀತ್ ಮಾರಿಸ್ ಅನ್ನೋರು ಹೇಳಿದ್ದು. ಒಂದೇ ವಿಷಯವನ್ನ ಮೊದಲು ಒಬ್ಬರಿಗೆ ನಾಲ್ಕು ನಿಮಿಷ ಹೇಳೋದು, ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೆ ಮೂರನೆಯವರಿಗೆ ಎರಡು ನಿಮಿಷದಲ್ಲಿ. ಕೇಳೋರು ಮಧ್ಯೆ ಮಾತಾಡೋ ಹಾಗಿಲ್ಲ.

ನಿಮ್ಮೂರ ಜಾತ್ರೆ ಅಂತ ಇಟ್ಕೊಳಿ. ಮೊದಲ ನಾಲ್ಕು ನಿಮಿಷ ಪೂರ್ತಿ ಒದ್ದಾಟ. ತೇರು ಅನ್ನೋದಕ್ಕೆ ಏನನ್ಬೇಕು ಅಂತ ಅರ್ಧ ನಿಮಿಷ ನಿಲ್ತೀರ, ಕೊನೆಗೆ ಬಿಗ್ ವುಡನ್ ಚಾರಿಯಟ್ ಅಂತ ಏನೋ ಒಂದು ಹೇಳಿ ಮುಂದೆ ಹೋಗ್ತೀರ, ಜನ ಬಾಳೆಹಣ್ಣು ಎಸೀತಾರೆ ಅನ್ನೋದನ್ನ ಮೂರು ತರ ಶುರು ಮಾಡಿ ಮೂರನೇದನ್ನ ಮುಗಿಸ್ತೀರ. ಎರಡನೇ ಸುತ್ತಲ್ಲಿ ಚಾರಿಯಟ್ ರೆಡಿ ಇದೆ, ಪೀಪಲ್ ಥ್ರೋ ಬನಾನಾಸ್ ಅಟ್ ದ ಚಾರಿಯಟ್ ರೆಡಿ ಇದೆ, ಹುಡುಕೋ ಕೆಲ್ಸ ಇಲ್ಲ, ಮಾತು ತಾನಾಗೇ ಓಡತ್ತೆ. ಎರಡು ನಿಮಿಷದ ಸುತ್ತಿಗೆ ಬಂದಾಗ ಮೊದಲ ಸಲ ನಾಲ್ಕು ನಿಮಿಷ ಎಳೆದಿದ್ದನ್ನ ಹೆಚ್ಚುಕಡಿಮೆ ಅಷ್ಟನ್ನೂ ಹೇಳಿರ್ತೀರ. ವಿಷಯ ಹೊಸದಲ್ಲ, ಪದ ಹೊಸದಲ್ಲ, ಟೈಮ್ ಮಾತ್ರ ಕಮ್ಮಿ, ಅದಕ್ಕೇ ತಲೆಯೊಳಗೆ ಕನ್ನಡದಿಂದ ತಿರುಗಿಸ್ಕೊಳೋಕೆ ಪುರುಸೊತ್ತು ಸಿಗಲ್ಲ, ವಾಕ್ಯ ನೇರವಾಗಿ ಇಂಗ್ಲಿಷಲ್ಲೇ ಹುಟ್ಟತ್ತೆ. ಸ್ಪೀಡ್ ಸಾಲದೆ ಒದ್ದಾಡೋರಿಗೆ ಇದರಷ್ಟು ಕೆಲ್ಸ ಮಾಡೋ ಅಭ್ಯಾಸ ನಾನಂತೂ ನೋಡಿಲ್ಲ. ಮೂರು ಜನ ಕೇಳೋರು ಸಿಗ್ಲಿಲ್ಲ ಅಂದ್ರೆ ಒಬ್ರ ಹತ್ರ ಒಂದು ಸುತ್ತು, ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ ಇನ್ನೊಬ್ಬರಿಗೆ ಒಂದು ಸುತ್ತು, ಕೊನೇದು ರೆಕಾರ್ಡರ್‌ಗೆ.

ತಿದ್ದೋರಿಲ್ಲ ಅನ್ನೋದೇ ಇದರ ದೊಡ್ಡ ಕೊರತೆ, ಇಬ್ಬರೂ ಒಂದೇ ತಪ್ಪು ಮಾಡ್ತಾ ಅದನ್ನೇ ಗಟ್ಟಿ ಮಾಡ್ಕೊಳೋ ಅಪಾಯ ಇದೆ. ವಾರಕ್ಕೊಂದ್ಸಲ ರೆಕಾರ್ಡಿಂಗ್‌ನ ಟ್ಯೂಟರ್‌ಗೋ, ಚೆನ್ನಾಗಿ ಬರೋ ಸೀನಿಯರ್‌ಗೋ ಕೇಳಿಸಿದ್ರೆ, ಇಲ್ಲಾಂದ್ರೆ ಅದೇ ಮಾತನ್ನ ಎಐಗೆ ಹೇಳಿ ತಿದ್ದಿಸ್ಕೊಂಡ್ರೆ ಅದು ತುಂಬತ್ತೆ.

ಕೇಳೋದು, ಪೇಪರ್ ಓದೋದು

ದಿನಾ ಇಂಗ್ಲಿಷ್ ಪೇಪರ್ ಜೋರಾಗಿ ಓದು ಅಂತ ಎಲ್ಲಾ ಮೇಷ್ಟ್ರೂ ಹೇಳ್ತಾರೆ, ನಾಲಿಗೆ ತಿರುಗೋಕೆ ಒಳ್ಳೇದೇ, ಆದ್ರೆ ಅಲ್ಲಿ ವಾಕ್ಯ ಬೇರೆಯವರದ್ದು, ನೀವು ಕಟ್ಟಿದ್ದಲ್ಲ. ಕೇಳೋಕೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮ ನನ್ನ ಆಯ್ಕೆ, ಉಚಿತ, ಬರಹನೂ ಜೊತೇಲೇ ಸಿಗತ್ತೆ. ಬರೀ ಕೇಳ್ಬೇಡಿ, ಒಂದೇ ನಿಮಿಷದ ತುಂಡು ಆರಿಸ್ಕೊಂಡು ಅವರ ಧ್ವನಿ ಹಿಂದೇನೇ ಅರ್ಧ ಸೆಕೆಂಡ್ ತಡವಾಗಿ ಅದೇ ಏರಿಳಿತದಲ್ಲಿ ಹೇಳ್ತಾ ಹೋಗಿ, ಶ್ಯಾಡೋಯಿಂಗ್ ಅಂತಾರೆ ಇದಕ್ಕೆ. ಒತ್ತಿನ ಸಮಸ್ಯೆ ಇರೋರಿಗೆ ಹೇಳಿ ಮಾಡಿಸಿದ್ದು. ಉಳಿದ ದಾರಿಗಳ ಪಕ್ಕದಲ್ಲಿ ಇಟ್ಕೊಳಿ, ಇದೊಂದನ್ನೇ ನಂಬ್ಕೊಂಡು ಕೂರ್ಬೇಡಿ.

ಯಾರಿಗೆ ಯಾವುದು

ಎರಡು ತಿಂಗಳಲ್ಲಿ ಇಂಟರ್‌ವ್ಯೂ ಇರೋ ಫ್ರೆಶರ್ ಆಗಿದ್ರೆ ದಿನಾ 4-3-2, ವಿಷಯಗಳು ನಿಮ್ಮ ಪ್ರಾಜೆಕ್ಟು, ನಿಮ್ಮ ಊರು, ಟೆಲ್ ಮೀ ಅಬೌಟ್ ಯುವರ್‌ಸೆಲ್ಫ್, ಜೊತೆಗೆ ಎಐ ಹತ್ರ ಅಣಕು ಇಂಟರ್‌ವ್ಯೂ, ದುಡ್ಡಿದ್ರೆ ವಾರಕ್ಕೊಂದು ಟ್ಯೂಟರ್. ಉತ್ತರ ಬಾಯಿಪಾಠ ಮಾಡ್ಬೇಡಿ, ಒಂದು ಪದ ಮರೆತ್ರೆ ಇಡೀದು ಕುಸಿಯತ್ತೆ. ಐಟೀಲಿ ವರ್ಷಗಳಿಂದ ಇದ್ದು ಕಾಲಲ್ಲಿ ಮ್ಯೂಟ್ ಹಾಕ್ಕೊಂಡು ಕೂರೋರು ಕ್ಲಬ್ಬಿಗೆ ಹೋಗಿ, ಆಫೀಸಲ್ಲಿ ಪ್ರತಿ ಕಾಲ್‌ನ ಮೊದಲ ಐದು ನಿಮಿಷದಲ್ಲಿ ಒಂದು ವಾಕ್ಯ ಆದ್ರೂ ಹೇಳಿಬಿಡಿ, ಹೊತ್ತಾದಷ್ಟೂ ಬಾಯಿ ಬಿಡೋದು ಕಷ್ಟ ಆಗ್ತಾ ಹೋಗತ್ತೆ. ವಿದೇಶಕ್ಕೆ ಹೋಗೋಕೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆಯೋರಿಗೆ ಸ್ಪೀಕಿಂಗ್ 11ರಿಂದ 14 ನಿಮಿಷ, ಅದರ ಎರಡನೇ ಭಾಗದಲ್ಲಿ ಒಂದು ನಿಮಿಷ ತಯಾರಿ ಮಾಡ್ಕೊಂಡು ಎರಡು ನಿಮಿಷದ ತನಕ ಒಬ್ರೇ ಮಾತಾಡ್ಬೇಕು, ಸರಾಗತೆ, ಪದ, ವ್ಯಾಕರಣ, ಉಚ್ಚಾರ ನಾಲ್ಕಕ್ಕೂ ಸಮಸಮ ಮಾರ್ಕು. ಹಂಗಾಗಿ ಅವರಿಗೆ ಆ ಪರೀಕ್ಷೆ ಗೊತ್ತಿರೋ ಟ್ಯೂಟರ್ರೇ ಬೇಕು, ಸಾದಾ ಕ್ಲಾಸ್ ಸಾಲಲ್ಲ.

ಸರ್ಕಾರಿ ಶಾಲೆ ಮೇಷ್ಟ್ರು ಮೇಡಂಗಳ ಕಷ್ಟ ಬೇರೆ. 2007-08ರಿಂದ ನಮ್ಮ ಕನ್ನಡ ಮೀಡಿಯಂ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಂದಾನೇ ಇಂಗ್ಲಿಷ್ ಇದೆ, ಹೇಳಿಕೊಡೋರಲ್ಲಿ ಎಷ್ಟೋ ಜನ ಇಂಗ್ಲಿಷನ್ನ ಐದನೇ ಕ್ಲಾಸಲ್ಲಿ ಮೊದಲು ನೋಡಿದೋರು. ಅವರಿಗೆ ಬೆಂಗ್ಳೂರಿನ ಜ್ಞಾನಭಾರತಿ ಕ್ಯಾಂಪಸ್ಸಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಿಂದ ಇರೋದು, ಟೀಚರ್‌ಗಳಿಗೇ ತರಬೇತಿ ಕೊಡತ್ತೆ, ಡೆಪ್ಯುಟೇಷನ್ ಸಿಕ್ಕಿದ್ರೆ ಖಂಡಿತ ಹೋಗಿ. ಅದರ ತನಕ ಕಾಯದೆ ಅಕ್ಕಪಕ್ಕದ ಶಾಲೆಯ ಇಬ್ರು ಮೂರು ಜನ ಸೇರ್ಕೊಂಡು ಮಾರನೇ ದಿನದ ಪಾಠಾನೇ ವಿಷಯ ಮಾಡ್ಕೊಂಡು 4-3-2 ಮಾಡಿದ್ರೆ ಪಾಠದ ತಯಾರಿನೂ ಆಗತ್ತೆ.

ಮದುವೆ ಆಗಿ ಅಮೆರಿಕಾಗೆ ಹೋಗಿ ಮನೇಲೇ ಇರೋ ಹೆಣ್ಮಕ್ಕಳು ಇಲ್ಲಿನ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಹತ್ತಿರದ ಪಬ್ಲಿಕ್ ಲೈಬ್ರರೀಲಿ ವಿಚಾರಿಸಿ, ಅಲ್ಲಿ ಎಷ್ಟೋ ಲೈಬ್ರರಿಗಳಲ್ಲಿ ಬೇರೆ ದೇಶದಿಂದ ಬಂದೋರಿಗೆ ಅಂತಲೇ ಉಚಿತವಾಗಿ ಇಂಗ್ಲಿಷ್ ಮಾತಿನ ಗುಂಪು ನಡೆಸ್ತಾರೆ. ಚೈನಾದೋರು, ಮೆಕ್ಸಿಕೋದೋರು ಎಲ್ಲಾ ಬರ್ತಾರೆ, ಅವರ ಜೊತೆ ಕನ್ನಡಕ್ಕೆ ಜಾರೋ ದಾರಿನೇ ಇರಲ್ಲ.